ಎಲ್ವುಡ್ ಅಳೆದ ಮನೆ

ನನ್ನ ಅಣ್ಣ ಎಲ್ವುಡ್ ಮದುವೆಯಾಗದೆ ಉಳಿದದ್ದಕ್ಕೆ ನಮ್ಮ ವೈಸರ್‌ಟೌನಿನಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು. ವ್ಯಾಪಾರಕ್ಕೆಂದು ಸದಾ ಬೆಟ್ಟದ ಊರುಗಳನ್ನು ಸುತ್ತುವವನಿಗೆ ಸಂಸಾರ ಯಾಕೆ ಎಂದು ಕೆಲವರು. ತಂಗಿ ಬೇಯಿಸಿ ಹಾಕುವಾಗ ಹೆಂಡತಿ ಯಾಕೆ ಎಂದು, ನನಗೆ ಕೇಳಿಸದು ಅಂದುಕೊಂಡು, ಇನ್ನು ಕೆಲವರು. ನಿಜವಾದ ಕಾರಣ ಗೊತ್ತಿದ್ದವರು ಅವನು, ನಾನು, ಮತ್ತೆ ಆರ್ಲೀನ್.

ಅವನು ಮುಖ್ಯ ಬೀದಿಯ ಕಾರ್ಪೆಟ್ ಅಂಗಡಿಯಲ್ಲಿ ಮಾರಾಟಗಾರನಾಗಿದ್ದ. ಕಾರಿನ ಹಿಂಬದಿಯಲ್ಲಿ ಮಾದರಿಗೆಂದು ಕಾರ್ಪೆಟ್ ಮತ್ತು ಲಿನೋಲಿಯಂ ನೆಲಹಾಸಿನ ತುಂಡುಗಳನ್ನು ತುಂಬಿಕೊಂಡು ಹೋಗಿ, ಮನೆ ಮನೆಯ ಕೋಣೆಗಳಲ್ಲಿ ಮಂಡಿಯೂರಿ ನೆಲ ಅಳೆಯುವುದು ಅವನ ಕೆಲಸ. ಒತ್ತಾಯ ಮಾಡಿ ಮಾರುವ ಜಾಯಮಾನ ಅವನದಲ್ಲ. "ಈ ಬಿಳಿ ಬಣ್ಣ ನಿಮಗೆ ಬೇಡಮ್ಮ, ಮನೇಲಿ ನಾಯಿ ಇದೆ" ಎಂದು ತಾನೇ ಹೇಳಿ ಅಗ್ಗದ್ದನ್ನು ತೋರಿಸುತ್ತಿದ್ದ. ಅದಕ್ಕೇ ಜನ ಅವನ ಹತ್ತಿರವೇ ಕೊಳ್ಳುತ್ತಿದ್ದರು.

ಊರಲ್ಲಿದ್ದಾಗ ಬೆಂಕಿಯ ಸೈರನ್ ಕೂಗಿತೆಂದರೆ ಮಾತ್ರ ಅವನು ಬೇರೆಯೇ ಮನುಷ್ಯ. ನಮ್ಮ ಫೈರ್ ಸ್ಟೇಷನ್ನಿನಲ್ಲಿ ಯಾರಿಗೂ ಸಂಬಳವಿರಲಿಲ್ಲ. ಕಟುಕ, ಮೇಷ್ಟ್ರು, ಸಿಮೆಂಟ್ ಕಾರ್ಖಾನೆಯವರು, ಯಾರು ಊರಲ್ಲಿದ್ದಾರೋ ಅವರು ಕೈಯಲ್ಲಿದ್ದುದನ್ನು ಬಿಟ್ಟು ಓಡಬೇಕು. ಎಲ್ವುಡ್ ಒಮ್ಮೆ ಗಿರಾಕಿಯೊಬ್ಬಳ ಕೈಗೆ ಅಳತೆ ಟೇಪಿನ ಒಂದು ತುದಿ ಕೊಟ್ಟು, ಇನ್ನೊಂದು ತುದಿಯನ್ನು ನೆಲದ ಮೇಲೆ ಬಿಟ್ಟು ಓಡಿಹೋಗಿದ್ದ. ಅವಳು ಬಹಳ ಹೊತ್ತು ಹಾಗೇ ಹಿಡಿದುಕೊಂಡು ನಿಂತಿದ್ದಳಂತೆ. ಅದನ್ನು ಊರು ವರ್ಷಗಟ್ಟಲೆ ಹೇಳಿಕೊಂಡು ನಕ್ಕಿತು.

ಆರ್ಲೀನಳ ಅಪ್ಪನೂ ಅದೇ ಸ್ಟೇಷನ್ನಿನವನು. ಅವಳು ಶಾಲೆಯಲ್ಲಿ ಓದುತ್ತಿದ್ದಾಗ, ಹಿಟ್ಟಿನ ಗಿರಣಿಗೆ ಬೆಂಕಿ ಬಿದ್ದು ಮಾಡು ಕುಸಿದು ಅವನು ಸತ್ತ. ಆ ಮೇಲೆ ಸೈರನ್ ಕೂಗಿದಾಗಲೆಲ್ಲ ಅವಳು ಎಲ್ಲಿದ್ದಳೋ ಅಲ್ಲೇ ನಿಂತುಬಿಡುತ್ತಿದ್ದಳು. ಕೂಗು ನಿಂತ ಮೇಲೆ ಮತ್ತೆ ನಡೆಯುತ್ತಿದ್ದಳು. ಅಂಥವಳು ನನ್ನ ಅಣ್ಣನನ್ನು ಮೆಚ್ಚಿದಳು. ಎರಡು ಬೇಸಿಗೆ ಇಬ್ಬರೂ ಜೊತೆಯಾಗಿ ತಿರುಗಿದರು. ನಮ್ಮಮ್ಮ ಆಗಲೇ ಅವಳಿಗೆಂದು ಬೆಳ್ಳಿ ಚಮಚಗಳನ್ನು ಉಜ್ಜಿ ಇಟ್ಟಿದ್ದಳು.

ಒಂದು ಭಾನುವಾರ ನಮ್ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದೆವು. ಸೈರನ್ ಕೂಗಿತು. ಎಲ್ವುಡ್ ಬಾಯಲ್ಲಿ ಬ್ರೆಡ್ಡಿನ ತುಂಡು ಇಟ್ಟುಕೊಂಡೇ ಬಾಗಿಲು ದಾಟಿದ. ಸಂಜೆ ಮುಂದೆ ಮೈಯೆಲ್ಲ ಹೊಗೆ ವಾಸನೆ ಹೊತ್ತು ಬಂದಾಗ ಆರ್ಲೀನ್ ಇನ್ನೂ ಮೇಜಿನ ಹತ್ತಿರವೇ ಇದ್ದಳು. ಅವನ ತಟ್ಟೆ ಎತ್ತಲು ನನಗೂ ಬಿಟ್ಟಿರಲಿಲ್ಲ.

"ಬರೀ ಒಣಹುಲ್ಲು ಕಣೆ" ಎಂದ ಎಲ್ವುಡ್. "ಯಾರಿಗೂ ಏನೂ ಆಗಿಲ್ಲ."

"ನಮ್ಮಪ್ಪನೂ ಬರೀ ಹಿಟ್ಟು ಅಂತಾನೇ ಹೇಳಿ ಹೋಗಿದ್ದು. ಎಲ್ವುಡ್, ನಿನ್ನ ಹತ್ರ ಒಂದೇ ಒಂದು ಕೇಳ್ತೀನಿ. ಆ ಸ್ಟೇಷನ್ ಬಿಟ್ಬಿಡು."

"ನಾನು ಹೋಗದೆ ಇದ್ರೆ ಇನ್ಯಾರೋ ಹೋಗಬೇಕಲ್ಲ ಆರ್ಲೀನ್."

"ಹೋಗ್ಲಿ. ಇನ್ಯಾರಾದ್ರೂ ಹೋಗ್ಲಿ. ನಾನು ಕೇಳ್ತಿರೋದೂ ಅದನ್ನೇ."

ಅವನು ಯೋಚನೆ ಮಾಡಿ ಹೇಳುತ್ತೇನೆ ಎಂದ. ಆ ಮಾತನ್ನು ಹೊತ್ತುಕೊಂಡೇ ಇಡೀ ಮಾಗಿಯ ಕಾಲ ಊರೂರು ತಿರುಗಿದ. ಯೋಚಿಸಿದ್ದನೋ, ಯೋಚಿಸಲು ಹೆದರಿದ್ದನೋ, ಹೇಳಲಂತೂ ಇಲ್ಲ. ಅವಳು ಎರಡನೇ ಸಲ ಕೇಳಲಿಲ್ಲ. ಹಿಮ ಕರಗುವ ಹೊತ್ತಿಗೆ ಅವಳು ಸಿಮೆಂಟ್ ಕಾರ್ಖಾನೆಯ ನೋರ್ಮನ್ ಡೀಟರನನ್ನು ಮದುವೆಯಾಗುತ್ತಾಳೆ ಎಂದು ಚರ್ಚಿನಲ್ಲಿ ಓದಿ ಹೇಳಿದರು. ನೋರ್ಮನ್ ಮೆತ್ತಗಿನ ಮನುಷ್ಯ. ಅವನ ಬಗ್ಗೆ ಕೆಟ್ಟದ್ದು ಹೇಳೋಣವೆಂದರೂ ನನಗೆ ಏನೂ ಸಿಗಲಿಲ್ಲ.

ಮದುವೆಯಾದ ಹೊಸತರಲ್ಲಿ ಆ ದಂಪತಿ ಸ್ಪ್ರಿಂಗ್ ಸ್ಟ್ರೀಟಿನಲ್ಲಿ ಮನೆ ಕೊಂಡರು. ಕಾರ್ಪೆಟ್ಟಿಗೆ ಅಂಗಡಿಗೆ ಹೇಳಿಕಳಿಸಿದರು. ಬೇರೆ ಯಾರನ್ನಾದರೂ ಕಳಿಸಿ ಎಂದು ಎಲ್ವುಡ್ ಅಂಗಡಿಯವನಿಗೆ ಹೇಳಬಹುದಿತ್ತು. ಹೇಳಲಿಲ್ಲ, ತಾನೇ ಹೋದ. ಅವತ್ತು ರಾತ್ರಿ ಊಟಕ್ಕೆ ಕುಳಿತವನು ಕೇಳದೆಯೇ ನನಗೆ ಆ ಮನೆಯನ್ನು ವರ್ಣಿಸತೊಡಗಿದ.

"ಬಾಗಿಲು ತೆಗೆದ್ರೆ ಒಳಗೇ ಓಣಿ ಥರ ಉದ್ದನೆ ಜಾಗ. ಎಡಗಡೆ ಹಾಲ್, ಅದಕ್ಕೆ ಪೂರ್ವದ ಬಿಸಿಲು ಬರತ್ತೆ. ಓಣಿ ಮುಗಿಯೋ ಕಡೆ ಅಡುಗೆಮನೆ. ಅಡುಗೆಮನೆ ದಾಟಿದ್ರೆ ಪುಟ್ಟ ಪುಟ್ಟ ಎರಡು ರೂಮು, ಮಧ್ಯ ಒಂದು ಗೋಡೆ. ಒಂದು ಹೊಲಿಗೆ ಮಿಶಿನ್ನಿಗಂತೆ, ಇನ್ನೊಂದು..." ಎಂದು ನಿಲ್ಲಿಸಿ, "ಇನ್ನೊಂದಕ್ಕೆ ಹಳದಿ ಬೇಕಂತೆ. ಮಗು ಆದ್ರೆ ಅಂತ" ಎಂದ.

"ಅವಳು ಏನಂದಳು ನಿನಗೆ?"

"ಕಾಫಿ ಕುಡೀತೀಯಾ ಅಂದ್ಳು."

"ಕುಡಿದೆಯಾ?"

"ಇಲ್ಲ. ಟೇಪ್ ಕೈಯಲ್ಲಿತ್ತಲ್ಲ."

ಅವನು ಹೇಳುತ್ತಿರುವುದು ಕಾರ್ಪೆಟ್ ವಿಷಯವಲ್ಲ ಎಂದು ನನಗೆ ತಿಳಿಯಿತು. ಆಮೇಲೆ ಎಷ್ಟೋ ಸಲ, ರಸ್ತೆಯಲ್ಲಿ ಒಬ್ಬನೇ ಕಾರು ಓಡಿಸುವಾಗ, ಅವನು ಮನಸ್ಸಿನಲ್ಲೇ ಆ ಮನೆಯೊಳಗೆ ಹೋಗಿ, ಹಾಲ್‌ನಲ್ಲಿ ಕುಳಿತು, ಅಡುಗೆಮನೆಗೆ ನಡೆದು ಬರುತ್ತಿದ್ದನಂತೆ. ಇದನ್ನು ಅವನು ಹೇಳಿದ್ದು ಬಹಳ ವರ್ಷಗಳ ಮೇಲೆ.

ಆರ್ಲೀನಳ ಮದುವೆಯಾಗಿ ಕೆಲವು ವರ್ಷಗಳಾಗಿದ್ದವು. ಒಂದು ಸಂಜೆ ಎಲ್ವುಡ್ ಸ್ಟೇಷನ್ನಿನಿಂದ ಬಂದು ಕೈ ತೊಳೆದು ಕುಳಿತ.

"ಇವತ್ತು ಹೊಸಬನೊಬ್ಬ ಸೇರಿದ. ಬೆಂಕಿ ಆರಿಸೋ ಲಾರಿ ಓಡಿಸೋಕೆ. ನಮ್ಮ ಹಳೇ ಡ್ರೈವರಿಗೆ ಕಣ್ಣು ಮಂಜಾಗಿದೆ."

"ಯಾರು?"

"ನೋರ್ಮನ್."

ನಾನು ಒಲೆಯ ಕಡೆ ತಿರುಗಿಕೊಂಡೆ. "ಅವಳು ಒಪ್ಪಿದಳಾ?"

"ಒಪ್ಪಿರಬೇಕು" ಎಂದ. ತೊಡೆಯ ಮೇಲಿದ್ದ ಬಟ್ಟೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. ನನಗೆ ಆರ್ಲೀನಳ ಮೇಲೆ ಸಿಟ್ಟು ಬಂತು. ಇವನಿಂದ ಕೇಳಿದ್ದನ್ನು ಅವನಿಂದ ಯಾಕೆ ಕೇಳಲಿಲ್ಲ? ಎಲ್ವುಡ್ ಸೈರನ್ನನ್ನು ಉಳಿಸಿಕೊಂಡು ಅವಳನ್ನು ಕಳೆದುಕೊಂಡ. ನೋರ್ಮನ್ನನಿಗೆ ಎರಡೂ ಸಿಕ್ಕವು.

ಆದರೆ ಲಾರಿಯಲ್ಲಿ ಅವರಿಬ್ಬರಿಗೂ ಚೆನ್ನಾಗಿ ಹೊಂದಿತು. ನೋರ್ಮನ್ನನಿಗೆ ನನ್ನ ಅಣ್ಣನೆಂದರೆ ಪ್ರೀತಿ. ಹಳೆಯದೇನೂ ಅವನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲವೋ. ಬೆಂಕಿ ಆರಿಸಿ ಬಂದಾಗಲೆಲ್ಲ "ಊಟಕ್ಕೆ ಬಾರೋ ಮಾರಾಯ" ಎನ್ನುತ್ತಿದ್ದ. ಎಲ್ವುಡ್‌ಗೆ ಪ್ರತಿಸಲವೂ ಯಾವುದೋ ಊರಿನಲ್ಲಿ ಯಾರೋ ಗಿರಾಕಿ ಕಾಯುತ್ತಿರುತ್ತಿದ್ದರು. "ನಮ್ಮ ಎಲ್ವುಡ್ ಬೇರೆಯವರ ಮನೆಗೆ ನೆಲ ನೋಡೋಕೆ ಮಾತ್ರ ಹೋಗೋದು" ಎಂದು ನೋರ್ಮನ್ ಎಲ್ಲರೆದುರು ಚುಡಾಯಿಸುತ್ತಿದ್ದ. ಹೀಗೇ ಆ ದಂಪತಿಯ ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ ಓಹಾಯೋಗೆ ಹೋದಳು. ನೋರ್ಮನ್ನನ ತಾಯಿ ಬರ್ತಾ ಸೊಂಟ ಮುರಿದುಕೊಂಡು ಮಗನ ಮನೆಗೆ ಬಂದು ಸೇರಿಕೊಂಡಳು. ಎಲ್ವುಡ್ ಮಾತ್ರ ಆ ಮನೆಯ ಹೊಸ್ತಿಲನ್ನು ಮತ್ತೆ ತುಳಿಯಲಿಲ್ಲ.

ಒಂದು ನವೆಂಬರಿನ ಶನಿವಾರ ಸ್ಟೇಷನ್ನಿನಲ್ಲಿ ಊಟದ ಮಾರಾಟವಿತ್ತು. ಹೊಸ ಪೈಪುಗಳಿಗೆ ದುಡ್ಡು ಕೂಡಿಸಲು ನಾವು ಹೆಂಗಸರು ಪ್ರತಿವರ್ಷ ಕೋಳಿಯ ಪಾಟ್‌ಪೈ ಮಾಡಿ ಮಾರುತ್ತಿದ್ದೆವು. ನಾನು ಹಿಟ್ಟು ಲಟ್ಟಿಸುತ್ತಿದ್ದೆ, ಪಕ್ಕದಲ್ಲಿ ಆರ್ಲೀನ್ ಅದನ್ನು ಚೌಕ ಚೌಕವಾಗಿ ಕತ್ತರಿಸಿ ಕುದಿಯುವ ಸಾರಿಗೆ ಬಿಡುತ್ತಿದ್ದಳು. ಎಲ್ವುಡ್ ಬಾಗಿಲಲ್ಲಿ ಚೀಟಿ ಮಾರುತ್ತಿದ್ದ. ನೋರ್ಮನ್ ಕಾಫಿ ಬಗ್ಗಿಸುತ್ತಿದ್ದ.

ಸೈರನ್ ನಮ್ಮ ತಲೆಯ ಮೇಲೆಯೇ ಕೂಗಿತು. ಆರ್ಲೀನ್ ಎಂದಿನಂತೆ ಚಾಕು ಹಿಡಿದವಳು ಹಾಗೇ ನಿಂತಳು. ಕೂಗು ನಿಂತ ಮೇಲೆ ಧ್ವನಿವರ್ಧಕದಲ್ಲಿ ವಿಳಾಸ ಬಂತು. ಸ್ಪ್ರಿಂಗ್ ಸ್ಟ್ರೀಟ್, ಡೀಟರ್ ಅವರ ಮನೆ.

"ಅತ್ತೆ" ಎಂದಳು ಆರ್ಲೀನ್. ಅಷ್ಟೇ.

ನೋರ್ಮನ್ ಆಗಲೇ ಲಾರಿ ಹತ್ತಿದ್ದ. ನಾನು ಅವಳನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಹಿಂದೆಯೇ ಹೋದೆ. ದಾರಿಯುದ್ದಕ್ಕೂ ಅವಳು ಮೊಣಕೈವರೆಗೆ ಹಿಟ್ಟು ಮೆತ್ತಿದ್ದ ಕೈಗಳನ್ನು ಯಾರದೋ ಕೈಗಳೆಂಬಂತೆ ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡಿದ್ದಳು.

ನಾವು ಇಳಿಯುವಾಗ ಮನೆಯ ಹಿಂಬದಿಯಿಂದ ಕಂದು ಹೊಗೆ ಸೂರಿನಡಿಯಿಂದ ಒತ್ತರಿಸಿಕೊಂಡು ಬರುತ್ತಿತ್ತು. ನೋರ್ಮನ್ ಲಾರಿಯ ನೀರಿನ ಪಂಪ್ ಬಿಟ್ಟು ಬಾಗಿಲಿನ ಕಡೆ ಹೊರಟಿದ್ದ. ನಮ್ಮ ಸ್ಟೇಷನ್ನಿನ ಮುಖ್ಯಸ್ಥ ಮರ್ಲ್ ಕೋಹರ್ ಅವನ ಎದೆಗೆ ಕೈ ಕೊಟ್ಟು ತಡೆದ.

"ನೀನು ಪಂಪ್ ಬಿಟ್ಟು ಅಲ್ಲಾಡಬೇಡ."

"ಒಳಗಿರೋಳು ನಮ್ಮಮ್ಮ, ಮರ್ಲ್."

"ಅದಕ್ಕೇ ಹೇಳ್ತಿರೋದು. ನೀರು ನಿಂತ್ರೆ ಎಲ್ರೂ ಸಾಯ್ತಾರೆ. ನಿಲ್ಲು ಅಲ್ಲಿ."

ಎಲ್ವುಡ್ ಬೆನ್ನಿಗೆ ಗಾಳಿಯ ಸಿಲಿಂಡರ್ ಏರಿಸಿ ಮಾಸ್ಕ್ ಕಟ್ಟಿಕೊಳ್ಳುತ್ತಿದ್ದ. ನೋರ್ಮನ್ ಅವನತ್ತ ಕೂಗಿದ: "ಹಿಂದುಗಡೆ. ಅಡುಗೆಮನೆ ದಾಟಿ."

"ಗೊತ್ತು" ಎಂದ ಎಲ್ವುಡ್. "ನಂಗೆ ಮನೆ ಗೊತ್ತು."

ಅವನು ಇನ್ನೊಬ್ಬನ ಜೊತೆ ಬಗ್ಗಿ ಒಳಗೆ ನುಗ್ಗಿದ ಮೇಲೆ ಆರ್ಲೀನ್ ನನ್ನ ತೋಳು ಹಿಡಿದಳು. "ಅವನಿಗೆ ಗೊತ್ತಿಲ್ಲ, ವರ್ನಾ. ಅತ್ತೆ ಬಂದಾಗ ಆ ಎರಡು ರೂಮಿನ ಗೋಡೆ ತೆಗೆಸಿ ಒಂದೇ ಮಾಡಿದೀವಿ. ಹಳದಿ ರೂಮಿನ ಬಾಗಿಲೂ ಮುಚ್ಚಿಸಿದೀವಿ." ಅವನ ಹೆಸರು ಹಿಡಿದು ಕೂಗಿದಳು. ಪಂಪಿನ ಮೊರೆತದಲ್ಲಿ ಪಕ್ಕದಲ್ಲಿದ್ದ ನನಗೇ ಅದು ಸರಿಯಾಗಿ ಕೇಳಿಸಲಿಲ್ಲ.

ಒಳಗೆ ಆದದ್ದನ್ನು ಎಲ್ವುಡ್ ಆಸ್ಪತ್ರೆಯಲ್ಲಿ ನನಗೆ ಹೇಳಿದ. ಒಲೆಯ ಹತ್ತಿರ ಎದ್ದ ಬೆಂಕಿ ಗೋಡೆ ಹಿಡಿದು ಮಾಡಿಗೆ ಏರಿತ್ತು. ಜೊತೆಯವನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೀರು ಬಿಡುತ್ತಿದ್ದ. ಎಲ್ವುಡ್ ಅಡುಗೆಮನೆ ದಾಟಿ, ಒಂದು ಕೈಯನ್ನು ಗೋಡೆಗೆ ಆನಿಸಿಕೊಂಡು, ಅಂಬೆಗಾಲಿಟ್ಟು ಮುಂದೆ ಹೋದ. ಕಣ್ಣೆದುರು ಏನೂ ಕಾಣದು. ಆದರೂ ಹೆದರಿಕೆ ಇರಲಿಲ್ಲವಂತೆ. ಮನಸ್ಸಿನಲ್ಲಿ ಲೆಕ್ಕವಿತ್ತು: ಹೊಲಿಗೆಯ ಕೋಣೆ, ಗೋಡೆ, ಗೋಡೆಯ ಆಚೆ ಹಳದಿ ಕೋಣೆ. ಗೋಡೆ ಬರಬೇಕಾದ ಕಡೆ ಕೈ ಚಾಚಿದ. ಕೈಗೆ ಏನೂ ಸಿಗಲಿಲ್ಲ. ಇನ್ನಷ್ಟು ಚಾಚಿದ. ಖಾಲಿ. ಬಾಗಿಲು ಹುಡುಕಲು ತಿರುಗಿದರೆ ಅಲ್ಲಿ ಬಾಗಿಲೂ ಇಲ್ಲ. ಬಂದ ದಾರಿ ಯಾವುದು ಎಂಬುದೂ ಹೋಯಿತು.

"ಅಲ್ಲೇ ಮಂಡಿಯೂರಿ ಕೂತುಬಿಟ್ಟೆ ವರ್ನಾ" ಎಂದ. "ಆ ಮನೆ ನಂಗೆ ನಮ್ಮನೆಗಿಂತ ಚೆನ್ನಾಗಿ ಗೊತ್ತು ಅಂದ್ಕೊಂಡಿದ್ದೆ. ಅವರು ಅಲ್ಲಿ ಬದುಕ್ತಾ ಇದ್ರು, ಗೋಡೆ ಒಡೆದ್ರು, ಕಟ್ಟಿದ್ರು. ನಾನು ಇಷ್ಟು ವರ್ಷ ತಿರುಗಾಡ್ತಾ ಇದ್ದ ಮನೆ ಎಲ್ಲೂ ಇರಲೇ ಇಲ್ಲ."

ಆಗ ಟಣ್ ಟಣ್ ಎಂದು ಸದ್ದು ಕೇಳಿತಂತೆ. ಬರ್ತಾ ಮಂಚದ ಪಕ್ಕ ನೆಲಕ್ಕೆ ಬಿದ್ದಿದ್ದಳು. ಊರುಗೋಲಿನಿಂದ ಮಂಚದ ಕಬ್ಬಿಣದ ಕಾಲಿಗೆ ಬಾರಿಸುತ್ತಿದ್ದಳು. ಸದ್ದಿನ ಕಡೆಗೇ ತೆವಳಿ ಹೋಗಿ ಅವಳ ಭುಜ ಮುಟ್ಟಿದ.

"ಯಾರೋ ಅದು? ನೋರ್ಮನ್ನಾ? ಇಷ್ಟು ಹೊತ್ತಾ ಬರೋದು?" ಎಂದಳಂತೆ ಕೆಮ್ಮುತ್ತ.

"ನೋರ್ಮನ್ ಅಲ್ಲ ಬರ್ತಾ. ಎಲ್ವುಡ್."

"ಕಾರ್ಪೆಟ್ಟಿನವನಾ? ಈಗ ನಂಗೇನೂ ಬೇಡ."

ಇದನ್ನು ಹೇಳುವಾಗ ಎಲ್ವುಡ್ ನಕ್ಕ. ನಕ್ಕು ಕೆಮ್ಮಿದ. ನರ್ಸ್ ಬಂದು ನನ್ನನ್ನು ಗದರಿದಳು.

ಅವನು ತನ್ನ ಮಾಸ್ಕ್ ಬಿಚ್ಚಿ ಮುದುಕಿಯ ಮುಖಕ್ಕೆ ಕಟ್ಟಿದ. ಊರುಗೋಲಿನಿಂದ ತಡಕಿ ತಡಕಿ ಕಿಟಕಿ ಹುಡುಕಿ ಒಡೆದ. ಹೊರಗೆ ಕಾದಿದ್ದ ಮರ್ಲ್ ಮತ್ತು ಇಬ್ಬರು ಸೇರಿ ಬರ್ತಾಳನ್ನು ಇಳಿಸಿಕೊಂಡರು. ಆಮೇಲೆ ಎಲ್ವುಡ್ ತಾನೇ ಕಿಟಕಿಯ ಮೇಲೆ ಜೋತುಬಿದ್ದು ಹುಲ್ಲಿನ ಮೇಲೆ ಬಿದ್ದ.

ನಾನು ಓಡಿದೆ. ಆರ್ಲೀನ್ ನನಗಿಂತ ಮುಂದೆ ಓಡುತ್ತಿದ್ದಳು. ಅವಳು ಓಡಿದ್ದು ಅತ್ತೆಯ ಕಡೆಗಲ್ಲ, ನನ್ನ ಅಣ್ಣನ ಕಡೆಗೆ. ನಡುದಾರಿಯಲ್ಲಿ ಥಟ್ಟನೆ ನಿಂತಳು. ಪಂಪಿನ ಹತ್ತಿರ ನಿಂತಿದ್ದ ಗಂಡನನ್ನು ತಿರುಗಿ ನೋಡಿದಳು. ಆಮೇಲೆ ಅತ್ತೆಯ ಹತ್ತಿರ ಹೋಗಿ ಮಂಡಿಯೂರಿದಳು. ಅದನ್ನು ನೋರ್ಮನ್ ಕಂಡನೋ ಇಲ್ಲವೋ. ಅವನ ಕಣ್ಣು ನೀರಿನ ಒತ್ತಡ ತೋರಿಸುವ ಮುಳ್ಳಿನ ಮೇಲಿತ್ತು, ಕೆನ್ನೆ ಒದ್ದೆಯಾಗಿತ್ತು.

ಆಸ್ಪತ್ರೆಗೆ ಅವಳು ಮರುವಾರ ಬಂದಳು. ಕೋಟು ಬಿಚ್ಚದೆ ಕುರ್ಚಿಯ ತುದಿಯಲ್ಲಿ ಕುಳಿತಳು. ನಾನು ಹೊರಗೆ ಹೋಗಲು ಎದ್ದರೆ "ನೀನೂ ಇರು ವರ್ನಾ" ಎಂದಳು. ಬರ್ತಾ ಚೆನ್ನಾಗಿದ್ದಾಳೆ, ಆಸ್ಪತ್ರೆಯ ಸೂಪಿಗೆ ಉಪ್ಪಿಲ್ಲ ಎಂದು ಜಗಳವಾಡುತ್ತಿದ್ದಾಳೆ ಎಂದಳು. ಮನೆಯ ಹಿಂಭಾಗ ಪೂರ್ತಿ ಹೋಯಿತು ಎಂದಳು.

"ನಾನೊಂದು ಕೇಳಲಾ ಆರ್ಲೀನ್?" ಎಂದ ಎಲ್ವುಡ್. ಅವನ ಗಂಟಲು ಇನ್ನೂ ಗೊರಗೊರ ಎನ್ನುತ್ತಿತ್ತು. "ನನಗೆ ಬಿಡು ಅಂದೆ. ನೋರ್ಮನ್ ಸೇರ್ತೀನಿ ಅಂದಾಗ ಸುಮ್ಮನಿದ್ದೆ. ಯಾಕೆ?"

ಅವಳು ಅವನನ್ನೇ ನೋಡಿದಳು. ಈ ಪ್ರಶ್ನೆ ಬರುತ್ತದೆಂದು ಅವಳು ಬಹಳ ವರ್ಷ ಕಾದಿದ್ದಂತೆ ನನಗೆ ಕಂಡಿತು.

"ನೋರ್ಮನ್ ಲಾರಿ ಹತ್ರಾನೇ ಇರ್ತಾನೆ ಎಲ್ವುಡ್. ಅದು ಅವನ ಸ್ವಭಾವ. ಸೈರನ್ ಆದಾಗ ಹೋಗ್ತಾನೆ, ಸಂಜೆ ಬರ್ತಾನೆ ಅಂತ ನಂಗೆ ಗೊತ್ತು. ನೀನು ಒಳಗೆ ಹೋಗೋನು. ಅವತ್ತೇ ನಂಗೆ ಗೊತ್ತಿತ್ತು. ಅವನು ಹೋದಾಗ ನಾನು ಅಡುಗೆ ಮಾಡ್ತಿರ್ತೀನಿ. ನೀನು ಹೋದಾಗ ನನ್ನ ಕೈಲಿ ಏನೂ ಆಗ್ತಿರಲಿಲ್ಲ. ಹಂಗೆ ಇರೋಕಾಗಲ್ಲ ಅನ್ನಿಸ್ತು" ಎಂದಳು.

"ಈಗಲೂ ನಿಂತೇ ಬಿಡ್ತೀಯಲ್ಲ, ಸೈರನ್ ಆದ್ರೆ" ಎಂದೆ ನಾನು ತಡೆಯಲಾಗದೆ.

"ಲಾರಿ ಒಂದೇ ಅಲ್ವಾ ವರ್ನಾ" ಎಂದಳು. "ಇಬ್ರೂ ಅದ್ರಲ್ಲೇ ಹೋಗ್ತಾರೆ."

ಎಲ್ವುಡ್ ಮುಖವನ್ನು ಕಿಟಕಿಯತ್ತ ತಿರುಗಿಸಿಕೊಂಡ. ಅವಳು ಎದ್ದು, ಹೊದಿಕೆಯ ಮೇಲಿದ್ದ ಅವನ ಕೈಯನ್ನು ಒಂದು ಸಲ ಒತ್ತಿ, ಕೋಟಿನ ಗುಂಡಿ ಸರಿಯಾಗಿಯೇ ಇದ್ದರೂ ಮತ್ತೆ ಹಾಕಿಕೊಳ್ಳುತ್ತ ಹೋದಳು.

ಶ್ವಾಸಕೋಶಕ್ಕೆ ಪೆಟ್ಟಾಗಿದೆ, ಇನ್ನು ಹೊಗೆಯೊಳಗೆ ಕಾಲಿಡುವ ಹಾಗಿಲ್ಲ ಎಂದರು ಡಾಕ್ಟರು. ಮರ್ಲ್ ಅವನಿಗೆ ರೇಡಿಯೋ ಕೊಟ್ಟು ಸ್ಟೇಷನ್ನಿನಲ್ಲಿ ಕೂರಿಸಿದ. ಎಲ್ವುಡ್ ಗೊಣಗಲಿಲ್ಲ. ಆದರೆ ಲಾರಿ ಹೊರಗೆ ಹೋದ ಮೇಲೆ ತೆರೆದ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದುದನ್ನು ನಾನು ಎದುರಿನ ಅಂಗಡಿಯಿಂದ ಕಂಡಿದ್ದೇನೆ. ಬೆಟ್ಟದ ಊರುಗಳ ಮನೆಗಳ ಮೆಟ್ಟಿಲು ಏರಲು ಕಷ್ಟವಾಗಿ ಅಂಗಡಿಯಲ್ಲೇ ಕುಳಿತು ಮಾರತೊಡಗಿದ.

ಮಾರನೆಯ ವರ್ಷ ಸಿಮೆಂಟ್ ಕಾರ್ಖಾನೆ ಮುಚ್ಚಿತು. ನೋರ್ಮನ್ನನಿಗೆ ಮಗಳ ಊರಿನಲ್ಲಿ ಕೆಲಸ ಸಿಕ್ಕಿತು. ರಿಪೇರಿಯಾದ ಮನೆಯನ್ನು ಮಾರಿ ಮೂವರೂ ಓಹಾಯೋಗೆ ಹೊರಟರು. ಸಾಮಾನು ಏರಿಸಲು ಸ್ಟೇಷನ್ನಿನವರೆಲ್ಲ ಹೋದರು. ಭಾರ ಎತ್ತಬಾರದೆಂದು ಎಲ್ವುಡ್‌ಗೆ ದೀಪಗಳನ್ನೂ ದಿಂಬುಗಳನ್ನೂ ಕೊಟ್ಟರು. ಗಾಡಿಯ ಮುಂದಿನ ಸೀಟಿನಲ್ಲಿ ಆಗಲೇ ಕುಳಿತಿದ್ದ ಬರ್ತಾ, ಎಲ್ಲರೂ ತಪ್ಪಾಗಿ ಏರಿಸುತ್ತಿದ್ದಾರೆ ಎಂದು ಒಳಗಿನಿಂದಲೇ ಕೂಗುತ್ತಿದ್ದಳು.

ನೋರ್ಮನ್ ನನ್ನ ಅಣ್ಣನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನಮ್ಮಮ್ಮನ್ನ ಉಳಿಸಿಕೊಟ್ಟೆ. ನಾನು ಇದನ್ನ ಸರಿಯಾಗಿ ಹೇಳೇ ಇಲ್ಲ ನಿಂಗೆ."

"ಉಳಿಸಿದ್ದಕ್ಕೆ ಅವಳು ಇನ್ನೂ ಬೈತಿದಾಳಲ್ಲ, ಅಷ್ಟು ಸಾಕು" ಎಂದ ಎಲ್ವುಡ್.

ಆರ್ಲೀನ್ ಕೊನೆಗೆ ಬಂದಳು. ಎಲ್ಲರೂ ಇದ್ದರು. "ಕೆಮ್ಮು ಹೇಗಿದೆ?" ಎಂದಳು.

"ಕಮ್ಮಿಯಾಗಿದೆ."

"ಚಳೀಲಿ ಕುತ್ತಿಗೆ ಬಿಟ್ಕೊಂಡು ತಿರುಗಬೇಡ."

"ಇಲ್ಲ."

ಗಾಡಿ ತಿರುವಿನಲ್ಲಿ ಮರೆಯಾಯಿತು. ಜನ ಕೈ ಒರೆಸಿಕೊಂಡು ಚದುರಿದರು.

ನಾವಿಬ್ಬರೂ ಮನೆಗೆ ಹೋಗಬೇಕಿತ್ತು. ಎಲ್ವುಡ್ ಕಾರನ್ನು ನದಿಯ ದಾರಿಗೆ ಬಿಟ್ಟ. ಹಾಲಿನ ಡೈರಿಯ ಹತ್ತಿರ ನಿಲ್ಲಿಸಿ ನನಗೊಂದು, ತನಗೊಂದು ಐಸ್‌ಕ್ರೀಮ್ ತಂದ. ಕಾರಿನಲ್ಲೇ ಕುಳಿತು ತಿಂದೆವು. ಇಷ್ಟು ವರ್ಷ ಕೇಳದ್ದನ್ನು ನಾನು ಅವತ್ತು ಕೇಳಿದೆ.

"ಆ ಭಾನುವಾರ ಬಿಟ್ಬಿಡ್ತೀನಿ ಅಂದಿದ್ರೆ?"

"ಅಂದಿದ್ರೆ ಮದುವೆ ಆಗ್ತಿದ್ಳು. ಆಮೇಲೆ ಒಂದಿನ ಸೈರನ್ ಕೂಗ್ತಿತ್ತು, ನಾನು ಕಿಟಕೀಲಿ ನಿಂತಿರ್ತಿದ್ದೆ. ಹಿಂದಿನಿಂದ ಅವಳು ನನ್ನ ಬೆನ್ನು ನೋಡ್ತಿದ್ಳು. ದಿನಾ ನೋಡ್ತಿದ್ಳು." ಐಸ್‌ಕ್ರೀಮ್ ಕರಗಿ ಕೈಮೇಲೆ ಇಳಿಯುತ್ತಿದ್ದುದನ್ನು ಒರೆಸಿಕೊಂಡ. "ಬಿಡೋಕೆ ಆಗ್ತಿರಲಿಲ್ಲ ವರ್ನಾ. ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ, ನಿಜ ಹೇಳೋಕೆ ಧೈರ್ಯ ಬರಲಿಲ್ಲ."

"ಹಾಗಾದ್ರೆ ಆಗಿದ್ದು ಒಳ್ಳೇದೇ ಆಯ್ತು ಅಂತೀಯಾ?"

"ಆಗಿದ್ದು ಸರಿ ಇರಬಹುದು" ಎಂದ. "ಅವಳು ಬೇಕಿತ್ತು ಅನ್ನೋದು ಬೇರೆ."

ನದಿಯ ಆಚೆ ದಡದಲ್ಲಿ ಯಾರೋ ದೋಣಿಯನ್ನು ನೀರಿಗೆ ತಳ್ಳುತ್ತಿದ್ದರು. ಅದು ಕೆಸರಿನಿಂದ ಬಿಡಿಸಿಕೊಂಡು ತೇಲುವವರೆಗೆ ಎಲ್ವುಡ್ ನೋಡುತ್ತಿದ್ದ. ಆಮೇಲೆ ಕಾರು ಶುರು ಮಾಡಿದ.